ಫೈಬರ್ ಮೈಯ ಸ್ಯಾನ್ ಸ್ಟಾರ್ಮ್‌ಗೆ ಕಣ್ಣಿಗೆ ಬೀಳದ ಸಬ್‌ವೂಫರ್: ಎಲ್ಲಿ ಕೂರಿಸುವುದು?

ಕೆಎ-06 ಸ್ಟಾರ್ಮ್

ತುಮಕೂರಿನಲ್ಲಿ ಒಂದು ಹಳೆಯ ಸ್ಯಾನ್ ಸ್ಟಾರ್ಮ್ ಇಟ್ಟುಕೊಂಡಿದ್ದೇನೆ. ಈ ಗಾಡಿಯನ್ನು ನೋಡಿರದವರಿಗಾಗಿ ಹೇಳುತ್ತೇನೆ: ಗೋವಾದಲ್ಲಿ ತಯಾರಾಗುತ್ತಿದ್ದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ಮಡಚಿ ಹಿಂದಕ್ಕೆ ಸರಿಸುವ ಬಟ್ಟೆಯ ಚಾವಣಿ, ಮೈಯೆಲ್ಲ ಫೈಬರ್, ಮುಂದೆ ರೆನೋ ಕಂಪನಿಯ 1149 ಸಿಸಿ ಎಂಜಿನ್. ಎಂಜಿನ್ ಕೆಲಸ, ಬಣ್ಣ, ಚಾವಣಿಯ ಹೊಲಿಗೆ ಎಲ್ಲವೂ ಮುಗಿದಿವೆ. ಈಗ ಹಾಡಿನ ಸರದಿ. ಬಾಗಿಲುಗಳಲ್ಲಿರುವ ಸ್ಪೀಕರ್‌ಗಳಲ್ಲಿ ಗಾಯಕರ ದನಿ ಚೆನ್ನಾಗಿ ಬರುತ್ತದೆ. ಆದರೆ ಮೃದಂಗದ ಬಲಗೈ ಕೇಳುತ್ತದೆ, ಎಡಗೈ ಕೇಳುವುದಿಲ್ಲ.

ಒಂದು ಸಬ್‌ವೂಫರ್, ಅಂದರೆ ಕೆಳಸ್ವರಕ್ಕೆಂದೇ ಇರುವ ಸ್ಪೀಕರ್ ಬೇಕು, ಆದರೆ ಅದು ಕಾಣಬಾರದು. ಶೋಕಿಗೆ ಹೇಳುತ್ತಿಲ್ಲ. ಬಟ್ಟೆಯ ಚಾವಣಿಯನ್ನು ಬ್ಲೇಡಿನಲ್ಲಿ ಸೀಳುವುದಕ್ಕೆ ಅರೆ ನಿಮಿಷ ಸಾಕು. ಒಳಗೆ ದೊಡ್ಡ ಪೆಟ್ಟಿಗೆ ಕಂಡರೆ ಟೌನ್‌ಹಾಲ್ ಹತ್ತಿರ ಗಾಡಿ ನಿಲ್ಲಿಸಿ ಕಾಫಿಗೆ ಹೋಗುವ ಧೈರ್ಯ ನನಗಿರುವುದಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಮತ್ತು ಜಾಕ್ ಇಟ್ಟುಕೊಂಡಿದ್ದೇನೆ, ಅವನ್ನು ಬಿಟ್ಟುಕೊಡುವುದಿಲ್ಲ. ಗಾಡಿಯನ್ನು ಎಲ್ಲಿಯೂ ಕತ್ತರಿಸುವಂತಿಲ್ಲ. ಒಂದು ಅಂಗಡಿಯವರು ಗಾಡಿಯನ್ನು ಒಂದು ಸುತ್ತು ಹಾಕಿ, ಸೀಟಿನ ಹಿಂದಿನ ತಡೆಗೋಡೆಯನ್ನು ಕೊಯ್ದು 12 ಇಂಚಿನದನ್ನು ಕೂರಿಸೋಣ ಎಂದರು. ಗರಗಸ ಅವರ ಕೈಯಲ್ಲೇ ಇತ್ತು. ನಮಸ್ಕಾರ ಹೇಳಿ ಬಂದೆ.

ಕೋಲಾರದ ಹಳೇ ಗಾಡಿ

ಸ್ವಾಮಿ, 60 ಅಶ್ವಶಕ್ತಿಯ ಗಾಡಿ ಅದು. ಫೈಬರ್ ಮೈ ಹಗುರವಾಗಿರುವುದರಿಂದ ಲವಲವಿಕೆಯಿಂದ ಓಡುತ್ತದೆ. ಅದರ ಹೊಟ್ಟೆಗೆ ಮರದ ಪೆಟ್ಟಿಗೆ, ಅಯಸ್ಕಾಂತ, ಆಂಪ್ಲಿಫೈಯರ್ ಎಂದು ಇಪ್ಪತ್ತು ಕಿಲೋ ತುಂಬಿದರೆ ಏನು ಬಂತು? ಚಾವಣಿ ತೆಗೆದು ದೇವರಾಯನದುರ್ಗದ ತಿರುವುಗಳನ್ನು ಹತ್ತುವಾಗ ಎಂಜಿನ್ ಸದ್ದು ಕೇಳಿಕೊಂಡು ಹೋಗಬೇಕು. ಹಾಡು ಕೇಳುವುದಕ್ಕೆ ಮನೆ ಇದೆ.

ಇನ್ನೊಂದು ವಿಷಯ. ಮುಚ್ಚಿದ ಕಾರಿನಲ್ಲಿ ಕೆಳಸ್ವರ ಪುಕ್ಕಟೆಯಾಗಿ ಹೆಚ್ಚುತ್ತದೆ, ಏಕೆಂದರೆ ಒಳಗಿನ ಗಾಳಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಚಾವಣಿ ತೆಗೆದ ಕೂಡಲೇ ಆ ಲಾಭ ಆಕಾಶಕ್ಕೆ ಹೋಗುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಗಾಳಿ ಮತ್ತು ಟೈರಿನ ಸದ್ದು ಮೊದಲು ನುಂಗುವುದೇ ಕೆಳಸ್ವರವನ್ನು. ಇದನ್ನು ಯೋಚಿಸಿದ್ದೀರಾ?

ತಟ್ಟೆಇಡ್ಲಿ ಕ್ಯಾತ್ಸಂದ್ರ

ಕೋಲಾರದವರು ಹೇಳಿದ್ದು ಸರಿಯೇ, ಆದರೆ ಅದರಿಂದ ಸಬ್‌ವೂಫರ್ ಬೇಡ ಎಂದಾಗುವುದಿಲ್ಲ, ಇನ್ನೂ ಹೆಚ್ಚು ಬೇಕು ಎಂದಾಗುತ್ತದೆ! ತೆರೆದ ಗಾಡಿಯಲ್ಲಿ ಬಾಗಿಲಿನ ಸಣ್ಣ ಸ್ಪೀಕರ್‌ಗಳಿಗೆ ಕೆಳಸ್ವರವನ್ನೂ ಹೊರಿಸಿದರೆ ಅವು ಹರಿದು ಮಾತನಾಡುತ್ತವೆ. 80 ಹರ್ಟ್ಸ್‌ನಿಂದ (ಸೆಕೆಂಡಿಗೆ 80 ಕಂಪನ) ಕೆಳಗಿನ ಭಾರವನ್ನು ಇನ್ನೊಂದಕ್ಕೆ ವಹಿಸಿದರೆ ಅದೇ ಸ್ಪೀಕರ್‌ಗಳು ಹೆಚ್ಚು ಜೋರಾಗಿ, ಹೆಚ್ಚು ಸ್ವಚ್ಛವಾಗಿ ಹಾಡುತ್ತವೆ. ಆ ಬದಲಾವಣೆಯೇ ದೊಡ್ಡದು. ಎದೆ ನಡುಗಿಸುವುದು ಎರಡನೆಯ ಮಾತು.

ಸುಲಭದ ದಾರಿಯೆಂದರೆ ಸೀಟಿನ ಕೆಳಗೆ ಕೂರುವ ಮಾದರಿ. ಜೆಬಿಎಲ್, ಪಯೋನಿಯರ್ ಇಬ್ಬರೂ ಮಾಡುತ್ತಾರೆ. ಆಂಪ್ಲಿಫೈಯರ್ ಒಳಗೇ ಇರುತ್ತದೆ, ಎತ್ತರ ಸುಮಾರು ಏಳು ಸೆಂಟಿಮೀಟರ್. ಪೆಟ್ಟಿಗೆ ಕಟ್ಟಿಸುವುದಾದರೆ ಆಳ ಕಡಿಮೆ ಇರುವ ಸ್ಪೀಕರ್‌ಗಳೂ ಸಿಗುತ್ತವೆ, ಹತ್ತು ಇಂಚು ಅಗಲವಿದ್ದರೂ ನಮ್ಮೂರ ತಟ್ಟೆ ಇಡ್ಲಿಯ ಹಾಗೆ ಚಪ್ಪಟೆ. ಮೊದಲು ಸೀಟಿನ ಕೆಳಗೆ ಅಳತೆ ತೆಗೆಯಿರಿ. ಸೀಟನ್ನು ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ ಸರಿಸಿ, ಮೇಲೆ ಒಬ್ಬರನ್ನು ಕೂರಿಸಿ ಅಳೆಯಿರಿ. ಖಾಲಿ ಸೀಟಿನ ಅಳತೆ ಸುಳ್ಳು ಹೇಳುತ್ತದೆ.

ಕೆಎ-06 ಸ್ಟಾರ್ಮ್

ಅಳೆದೆ. ಮನೆಯವರನ್ನು ಕೂರಿಸಿದಾಗ ಸೀಟಿನ ಸ್ಪ್ರಿಂಗ್‌ನಿಂದ ನೆಲಕ್ಕೆ ನಾಲ್ಕೂವರೆ ಸೆಂಟಿಮೀಟರ್. ಆ ದಾರಿ ಮುಚ್ಚಿತು.

ಸೀಟಿನ ಬೆನ್ನ ಹಿಂದೆ ಜಾಗವಿದೆ, ಆದರೆ ಅಲ್ಲಿ ಪೆಟ್ಟಿಗೆ ಬಂದರೆ ಸೀಟನ್ನು ಮುಂದಕ್ಕೆ ತರಬೇಕು. ನಾನು ಆರಡಿ ಆಳು. ಈಗಲೇ ಮೊಣಕಾಲು ಸ್ಟಿಯರಿಂಗ್‌ಗೆ ತಾಗುತ್ತದೆ. ಉಳಿದದ್ದು ಎಡಗಡೆ ಕೂರುವವರ ಕಾಲಿನ ಮುಂದಿನ ಜಾಗ. ಡ್ಯಾಶ್‌ಬೋರ್ಡಿನ ಕೆಳಗೆ, ಎಂಜಿನ್ ಗೋಡೆಗೆ ಒರಗಿದಂತೆ ಓರೆಯಾಗಿ ಒಂದು ಪೆಟ್ಟಿಗೆ ಕೂರಿಸಿ, ಅದೇ ಬಣ್ಣದ ಕಾರ್ಪೆಟ್ ಹೊದಿಸಿದರೆ ಕಾಲಿಡುವ ಹಲಗೆ ಎಂದೇ ಯಾರಾದರೂ ತಿಳಿಯುತ್ತಾರೆ. ಎಂಟು ಇಂಚಿನದು ಹಿಡಿಯಬಹುದು. ಇದು ಆಗುವ ಕೆಲಸವೇ?

ಬಟವಾಡಿ ವೈರಿಂಗ್

ಆಗುವ ಕೆಲಸ ಸರ್. ಆದರೆ ಪೆಟ್ಟಿಗೆಗಿಂತ ಮೊದಲು ನೀವು ತಂತಿಯ ವಿಷಯಕ್ಕೆ ಬನ್ನಿ, ಏಕೆಂದರೆ ಈ ಗಾಡಿಯಲ್ಲಿ ಎಲ್ಲರೂ ಎಡವುವುದು ಅಲ್ಲೇ.

ಸಾಮಾನ್ಯ ಕಾರಿನಲ್ಲಿ ಬ್ಯಾಟರಿಯಿಂದ ಪಾಸಿಟಿವ್ ತಂತಿಯೊಂದನ್ನು ಎಳೆಯುತ್ತೇವೆ. ಹಿಂದಿರುಗುವ ದಾರಿಗೆ ತಗಡಿನ ಮೈಯೇ ಇದೆ. ಬಣ್ಣ ಕೆರೆದು, ಬೋಲ್ಟ್ ಹಾಕಿ, ಅರ್ತಿಂಗ್ ಕೊಟ್ಟು ಮನೆಗೆ ಹೋಗುತ್ತೇವೆ. ನಿಮ್ಮದು ಫೈಬರ್. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಅಂಗಡಿಯ ಹುಡುಗ ಅಭ್ಯಾಸಬಲದಿಂದ ಕೈಗೆ ಸಿಕ್ಕ ಬೋಲ್ಟಿಗೆ ಅರ್ತಿಂಗ್ ಬಿಗಿದರೆ ಅದು ಅತ್ತ ಎಲ್ಲಿಗೂ ತಲುಪಿರುವುದಿಲ್ಲ. ಅಥವಾ ಡ್ಯಾಶ್‌ಬೋರ್ಡಿನ ಹಿಂದಿನ ಯಾವುದೋ ಸಣ್ಣ ತಂತಿಯ ಮೂಲಕ ಹೇಗೋ ತಲುಪಿರುತ್ತದೆ. ಎರಡನೆಯದು ಮೊದಲಿನದಕ್ಕಿಂತ ಅಪಾಯ. ಮೀಟರಿನ ದೀಪಕ್ಕೆಂದು ಹಾಕಿದ ತಂತಿಯಲ್ಲಿ ಆಂಪ್ಲಿಫೈಯರಿನ ಕರೆಂಟ್ ಹರಿದರೆ ಅದು ಬಿಸಿಯಾಗಿ ಹೊದಿಕೆ ಕರಗುತ್ತದೆ, ಮತ್ತು ಫೈಬರ್ ಹೊತ್ತಿಕೊಂಡರೆ ನಂದಿಸುವುದು ಸುಲಭವಲ್ಲ.

ಆದ್ದರಿಂದ ಎರಡೂ ತಂತಿಗಳನ್ನು ಬ್ಯಾಟರಿಯಿಂದಲೇ ತನ್ನಿ, ಒಂದೇ ದಪ್ಪದವು. ಲೆಕ್ಕ ನೋಡಿ: ಆಂಪ್ಲಿಫೈಯರ್ 150 ವ್ಯಾಟ್ ಕೊಡಬೇಕು, ಡಿ ವರ್ಗದ್ದಾದರೆ ದಕ್ಷತೆ ಸುಮಾರು 80 ಪ್ರತಿಶತ, ಎಂಜಿನ್ ಓಡುವಾಗ ಸುಮಾರು 13.5 ವೋಲ್ಟ್. ಹೆಚ್ಚೆಂದರೆ 14 ಆಂಪಿಯರ್. ನಾಲ್ಕು ಮೀಟರ್ ಹೋಗಿ ನಾಲ್ಕು ಮೀಟರ್ ಬರುವ 8 ಗೇಜ್ ತಾಮ್ರದಲ್ಲಿ ಕಾಲು ವೋಲ್ಟ್‌ಗಿಂತ ಕಡಿಮೆ ಇಳಿಯುತ್ತದೆ. ಸಾಕು. ಆದರೆ ಅದು ತಾಮ್ರವೇ ಆಗಿರಬೇಕು. ಪೊಟ್ಟಣದಲ್ಲಿ ಬರುವ ಅಗ್ಗದ ತಂತಿಗಳು ಬಹುಪಾಲು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಒಂದು ಎಳೆಯನ್ನು ಚಾಕುವಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ.

ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಉಳಿಸುವುದಕ್ಕಲ್ಲ, ತಂತಿ ಎಲ್ಲಾದರೂ ಉಜ್ಜಿ ಕತ್ತರಿಸಿದಾಗ ಗಾಡಿಯನ್ನು ಉಳಿಸುವುದಕ್ಕೆ. ಎಂಜಿನ್ ಗೋಡೆ ದಾಟುವ ತೂತಿಗೆ ರಬ್ಬರ್ ಬಳೆ ಕಡ್ಡಾಯ. ಫೈಬರಿನ ಅಂಚು ತಗಡಿನಷ್ಟು ಹರಿತವಿಲ್ಲ ಎಂದುಕೊಳ್ಳಬೇಡಿ, ಕೊರೆದ ತೂತಿನಲ್ಲಿ ಗಾಜಿನ ಎಳೆಗಳು ನಿಂತಿರುತ್ತವೆ. ವರ್ಷಗಟ್ಟಲೆ ಅಲುಗಾಡಿದರೆ ಹೊದಿಕೆಯನ್ನು ತಿನ್ನುತ್ತವೆ.

ಹಿರೇಹಳ್ಳಿ ಫೈಬರ್

ನಮ್ಮ ಕಸುಬಿನ ಮಾತು ಬಂತು. ನೀರಿನ ತೊಟ್ಟಿ, ಬಸ್ಸಿನ ಮುಖ, ಜಾತ್ರೆಯ ಪ್ರಭಾವಳಿ ಎಲ್ಲವನ್ನೂ ಇದೇ ರೆಸಿನ್‌ನಲ್ಲಿ ಮಾಡಿದ್ದೇವೆ, ಹಾಗಾಗಿ ಹೇಳಬಲ್ಲೆ.

ಆ ಓರೆ ಜಾಗಕ್ಕೆ ಮರದ ಪೆಟ್ಟಿಗೆ ಸರಿಹೋಗುವುದಿಲ್ಲ. ಅಲ್ಲಿ ಒಂದೂ ನೇರ ಗೆರೆ ಇರುವುದಿಲ್ಲ. ಜೊತೆಗೆ ಇಂಥ ಪೆಟ್ಟಿಗೆಗೆ ಬಳಸುವ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ನೀರು ಕುಡಿದರೆ ಉಬ್ಬುತ್ತದೆ, ಬಟ್ಟೆಯ ಚಾವಣಿಯ ಗಾಡಿಯಲ್ಲಿ ಮಳೆಗಾಲಕ್ಕೆ ಕಾರ್ಪೆಟ್ ಒದ್ದೆಯಾಗದೇ ಇರುವುದು ಅಪರೂಪ. ಫೈಬರಿನಲ್ಲೇ ಮಾಡಿಸಿ.

ಕಾರ್ಪೆಟ್ ತೆಗೆದು ಜಾಗವನ್ನು ಒರೆಸಿ. ಗಾಡಿಯ ಮೈಗೆ ಅಗಲವಾದ ಮಾಸ್ಕಿಂಗ್ ಟೇಪ್ ಒತ್ತೊತ್ತಾಗಿ ಹಚ್ಚಿ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಮೇಣ. ಇದರಲ್ಲಿ ಜಿಪುಣತನ ಮಾಡಬೇಡಿ. ಸಾಮಾನ್ಯ ಕಾರಿನಲ್ಲಿ ರೆಸಿನ್ ಸೋರಿದರೆ ಬಣ್ಣ ಕೆಡುತ್ತದೆ ಅಷ್ಟೆ; ನಿಮ್ಮ ಗಾಡಿಯ ಮೈಯೂ ಅದೇ ವಸ್ತುವಾದ್ದರಿಂದ ಪೆಟ್ಟಿಗೆ ಮೈಗೇ ಬೆಸೆದುಕೊಂಡು ಬಿಡುತ್ತದೆ, ಆಮೇಲೆ ಉಳಿ ಹಿಡಿದು ಕೂರಬೇಕು. ರೆಸಿನ್‌ನಲ್ಲಿ ನೆನೆಸಿದ ಗಾಜಿನ ನಾರಿನ ಮ್ಯಾಟ್‌ನ ಮೊದಲ ಎರಡು ಪದರ ಅಲ್ಲೇ ಹಾಕಿ, ಗಟ್ಟಿಯಾದ ಮೇಲೆ ಚಿಪ್ಪನ್ನು ಹೊರಗೆ ತೆಗೆದು ಉಳಿದ ಪದರಗಳನ್ನು ಹೊರಗಡೆಯೇ ಹಾಕಿ. ರೆಸಿನ್ ವಾಸನೆ ತಲೆ ತಿರುಗಿಸುತ್ತದೆ, ಮುಚ್ಚಿದ ಶೆಡ್‌ನಲ್ಲಿ ಮಾಡಬೇಡಿ. ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಕಣ್ಣಿಗೆ ಸಿಡಿಯಬಾರದು, ಕನ್ನಡಕ ಹಾಕಿಕೊಳ್ಳಿ. ಬೇಸಿಗೆಯ ಮಧ್ಯಾಹ್ನ ಹಾರ್ಡನರ್ ಕಡಿಮೆ ಹಾಕಿ, ಇಲ್ಲದಿದ್ದರೆ ಬಟ್ಟಲಿನಲ್ಲೇ ಹೊಗೆಯಾಡಿ ಕಲ್ಲಾಗುತ್ತದೆ.

ಗೋಡೆ ಆರು ಮಿಲಿಮೀಟರ್ ದಪ್ಪವಾದರೂ ಇರಲಿ. ಹೆಬ್ಬೆರಳಿನಲ್ಲಿ ಒತ್ತಿದಾಗ ಬಾಗಿದರೆ ಇನ್ನೊಂದು ಪದರ ಬೇಕು ಎಂದೇ ಅರ್ಥ. ಪೆಟ್ಟಿಗೆ ತಾನೇ ನಡುಗಿದರೆ ಸ್ಪೀಕರಿನ ಶಕ್ತಿ ಅಲ್ಲೇ ಕರಗುತ್ತದೆ.

ಇನ್ನು ಒಳಗಿನ ಅಳತೆ. ಓರೆಕೋರೆ ಪೆಟ್ಟಿಗೆಯ ಗಾತ್ರವನ್ನು ಪಟ್ಟಿ ಹಿಡಿದು ಅಳೆಯಲಾಗುವುದಿಲ್ಲ. ಚಿಪ್ಪನ್ನು ಬಾಯಿ ಮೇಲೆ ಮಾಡಿ ಇಟ್ಟು, ಒಂದು ಲೀಟರಿನ ಹಾಲಿನ ಅಳತೆಯಲ್ಲಿ ರಾಗಿ ಸುರಿಯಿರಿ. ಅಂಚಿನವರೆಗೆ ಎಷ್ಟು ಲೀಟರ್ ಹಿಡಿಯಿತೋ ಅದೇ ಗಾತ್ರ. ಮರಳಿಗಿಂತ ರಾಗಿ ಒಳ್ಳೆಯದು. ಹಗುರ, ಮೂಲೆಮೂಲೆಗೂ ಜಾರುತ್ತದೆ, ಧೂಳಿಲ್ಲ. ರಾಗಿ ಸುರಿಯುವ ಮೊದಲು ಚಿಪ್ಪು ಪೂರ್ತಿ ಒಣಗಿರಲಿ ಮತ್ತು ಒಳಗೆ ಹಳೆಯ ಪಂಚೆ ಹಾಸಿರಲಿ. ಆ ರಾಗಿಯನ್ನು ಆಮೇಲೆ ಮನುಷ್ಯರಿಗೆ ಹಾಕಬೇಡಿ, ರೆಸಿನ್ ವಾಸನೆ ಹೋಗುವುದಿಲ್ಲ.

ಮಧುಗಿರಿ ಏಕಶಿಲೆ

ಒಂದು ಅನುಮಾನ. ಎಡಗಡೆ ಕಾಲಿನ ಹತ್ತಿರ ಇಟ್ಟರೆ ಎಲ್ಲ ಸದ್ದೂ ಎಡಗಡೆಯಿಂದಲೇ ಬಂದಂತೆ ಕೇಳುವುದಿಲ್ಲವೇ? ಬಲಗಡೆ ಕೂತು ಓಡಿಸುವವರಿಗೆ ಕಿರಿಕಿರಿ ಆಗುವುದಿಲ್ಲವೇ?

ತಟ್ಟೆಇಡ್ಲಿ ಕ್ಯಾತ್ಸಂದ್ರ

50 ಹರ್ಟ್ಸ್ ಸದ್ದಿನ ಅಲೆಯ ಉದ್ದ ಸುಮಾರು ಏಳು ಮೀಟರ್, ಅಂದರೆ ಗಾಡಿಗಿಂತಲೂ ಉದ್ದ. ನಮ್ಮ ಎರಡು ಕಿವಿಗಳ ನಡುವಿನ ಅಂತರಕ್ಕೆ ಅದು ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ. ಸಬ್‌ವೂಫರನ್ನು ಬಚ್ಚಿಡಲು ಸಾಧ್ಯವಾಗುವುದೇ ಈ ಕಾರಣಕ್ಕೆ. ಆದರೆ ಎರಡು ಸಂಗತಿಗಳು ಅದರ ಗುಟ್ಟನ್ನು ಬಯಲು ಮಾಡುತ್ತವೆ. ಒಂದು, ಎಷ್ಟು ಹರ್ಟ್ಸ್‌ವರೆಗಿನ ಸದ್ದು ಸಬ್‌ವೂಫರಿಗೆ ಹೋಗಬೇಕೆಂದು ನಿರ್ಧರಿಸುವ ಫಿಲ್ಟರನ್ನು 120ಕ್ಕೋ 150ಕ್ಕೋ ಏರಿಸಿದರೆ ಗಂಡಸಿನ ದನಿಯ ಕೆಳಭಾಗ ಕಾಲಬಳಿಯಿಂದ ಬರತೊಡಗುತ್ತದೆ. ಎರಡು, ಪಕ್ಕದ ಪ್ಲಾಸ್ಟಿಕ್ ತುಂಡೊಂದು ಗಡಗಡಿಸಿದರೆ ಆ ಗಡಗಡ ಸದ್ದಿನ ದಿಕ್ಕು ತಕ್ಷಣ ತಿಳಿಯುತ್ತದೆ, ಕಿವಿ ಸಬ್‌ವೂಫರನ್ನೂ ಅಲ್ಲಿಯೇ ಕೂರಿಸುತ್ತದೆ. 80ಕ್ಕೆ ಇಡಿ, ಗಡಗಡ ನಿಲ್ಲಿಸಿ.

ಮುಚ್ಚಿದ ಪೆಟ್ಟಿಗೆಯನ್ನೇ ಮಾಡಿಸಿ, ಕೊಳವೆ ಇಡುವ ಮಾದರಿ ಬೇಡ. ಅದಕ್ಕೆ ಗಾತ್ರ ಹೆಚ್ಚು ಬೇಕು, ಲೆಕ್ಕ ಸ್ವಲ್ಪ ತಪ್ಪಿದರೂ ಒಂದೇ ಸ್ವರದಲ್ಲಿ ಗುಂಯ್ಗುಡುತ್ತದೆ.

ಕೋಲಾರದ ಹಳೇ ಗಾಡಿ

ನನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂದು ಗೊತ್ತಾಯಿತು. ಇರಲಿ. ಕಾಗದಪತ್ರದ ವಿಷಯವನ್ನಾದರೂ ಕೇಳಿ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ತಡೆಗೋಡೆ ಕೊಯ್ಯುವುದನ್ನು ನೀವು ನಿರಾಕರಿಸಿದ್ದು ಅದಕ್ಕೂ ಒಳ್ಳೆಯದಾಯಿತು. ಗಾಡಿಯ ರಚನೆಯನ್ನು ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಕೆಳಗೆ ಬರುತ್ತದೆ. ಬಿಚ್ಚಿ ತೆಗೆಯಬಹುದಾದ ಪೆಟ್ಟಿಗೆಗೆ ಆ ತಲೆನೋವಿಲ್ಲ. ನೇತಾಡುವ ತಂತಿ ಮಾತ್ರ ಇರಕೂಡದು.

ಮತ್ತು ಚಾವಣಿ ತೆಗೆದ ಗಾಡಿ ಎಂದರೆ ಬೀದಿಯಲ್ಲಿ ಇಟ್ಟ ಧ್ವನಿವರ್ಧಕ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. 2000ದಿಂದ ಇರುವ ನಿಯಮ. ಎಸ್.ಎಸ್. ಪುರಂನಲ್ಲಿ ಹನ್ನೊಂದು ಗಂಟೆಗೆ ಮೃದಂಗದ ಎಡಗೈ ಕೇಳಿಸಿದರೆ ಅಕ್ಕಪಕ್ಕದವರು ಮೊದಲು ನಿಮ್ಮನ್ನು ಕೇಳುತ್ತಾರೆ.

ಕೆಎ-06 ಸ್ಟಾರ್ಮ್

ಕೆಲಸ ಆಯಿತು. ಚಿಪ್ಪು ಹನ್ನೊಂದು ಲೀಟರ್ ರಾಗಿ ಹಿಡಿಯಿತು. ಸ್ಪೀಕರಿನ ಬೆನ್ನಿನ ಅಯಸ್ಕಾಂತ ಸುಮಾರು ಒಂದು ಲೀಟರ್ ತಿನ್ನುತ್ತದೆ, ಉಳಿದದ್ದು ಹತ್ತು. ತಯಾರಕರು ಮುಚ್ಚಿದ ಪೆಟ್ಟಿಗೆಗೆ ಹೇಳಿದ ಅಳತೆಯೂ ಅಷ್ಟೇ ಇತ್ತು. ಒಳಗೆ ದಿಂಬಿನ ಸಿಂಥೆಟಿಕ್ ಹತ್ತಿಯನ್ನು ಸಡಿಲವಾಗಿ ತುಂಬಿದ್ದೇನೆ. ಕೂತವರ ಹಿಮ್ಮಡಿ ತಾಗದಿರಲೆಂದು ಸ್ಪೀಕರಿನ ಮುಂದೆ ಉಕ್ಕಿನ ಜಾಲರಿ ಬಂದಿದೆ, ಅದರ ಮೇಲೆ ತೆಳು ಕಾರ್ಪೆಟ್. ಪೆಟ್ಟಿಗೆ ನಿಂತಿರುವುದು ಸೀಟಿನ ಹಳಿಯ ಬೋಲ್ಟುಗಳಿಂದ ಬಂದ ಎರಡು ಪಟ್ಟಿಗಳ ಮೇಲೆ, ಮೈಗೆ ಒಂದು ತೂತೂ ಹೊಸದಾಗಿ ಬಿದ್ದಿಲ್ಲ. ತಂತಿಗಳು ಎಂಜಿನ್ ಗೋಡೆಯಲ್ಲಿದ್ದ ಹಳೆಯ ರಬ್ಬರ್ ಬಳೆಯ ಮೂಲಕವೇ ಹೋದವು. ಆಂಪ್ಲಿಫೈಯರ್ ಪಕ್ಕದ ಸೀಟಿನ ಕೆಳಗೆ. ಆ ನಾಲ್ಕೂವರೆ ಸೆಂಟಿಮೀಟರ್ ಅದಕ್ಕೆ ಧಾರಾಳ.

ಮನೆಯವರು ಕೂತು ಕಾಲು ಚಾಚಿ, "ಮೊದಲಿಗಿಂತ ಚೆನ್ನಾಗಿದೆ, ಕಾಲಿಡುವುದಕ್ಕೆ ಆಸರೆ ಸಿಕ್ಕಿತು" ಎಂದರು. ಹಾಡಿನ ಬಗ್ಗೆ ಏನೂ ಹೇಳಲಿಲ್ಲ.

ಒಂದು ತೊಂದರೆ ಉಳಿದಿದೆ. ಎಂಜಿನ್ ಓಡುವಾಗ ಸ್ಪೀಕರ್‌ಗಳಲ್ಲಿ ಸುಂಯ್ ಎಂಬ ಸದ್ದು. ಆಕ್ಸಿಲರೇಟರ್ ಒತ್ತಿದಂತೆ ಅದರ ಶ್ರುತಿಯೂ ಏರುತ್ತದೆ. ಎಂಜಿನ್ ನಿಲ್ಲಿಸಿದರೆ ಇಲ್ಲ.

ಬಟವಾಡಿ ವೈರಿಂಗ್

ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಸದ್ದು ಸರ್. ನಿಮ್ಮ ಆಂಪ್ಲಿಫೈಯರಿನ ಅರ್ತಿಂಗ್ ದಪ್ಪ ತಂತಿಯಲ್ಲಿ ನೇರವಾಗಿ ಬ್ಯಾಟರಿಗೆ ಬಂದಿದೆ. ಸ್ಟೀರಿಯೊದ ಅರ್ತಿಂಗ್ ಇನ್ನೂ ಹಳೆಯ ಸಣ್ಣ ತಂತಿಯಲ್ಲಿ, ಹೆಡ್‌ಲೈಟು, ಫ್ಯಾನು, ವೈಪರುಗಳ ಜೊತೆ ಹಂಚಿಕೊಂಡು ಬರುತ್ತಿದೆ. ಎರಡರ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಉಂಟಾಗುತ್ತದೆ. ಸ್ಟೀರಿಯೊದಿಂದ ಆಂಪ್ಲಿಫೈಯರಿಗೆ ಹೋದ ಸಿಗ್ನಲ್ ತಂತಿಯ ಹೊರಜಾಲರಿ ಅವೆರಡನ್ನೂ ಕೂಡಿಸುತ್ತದೆ, ಆ ವ್ಯತ್ಯಾಸ ಅದರಲ್ಲಿ ಹರಿದು ಹಾಡಿನ ಜೊತೆ ಸೇರುತ್ತದೆ.

ಮಲ್ಟಿಮೀಟರ್ ತೆಗೆದುಕೊಳ್ಳಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಮತ್ತು ಫ್ಯಾನ್ ಹಾಕಿ. ಸಿಗ್ನಲ್ ತಂತಿ ಕಿತ್ತು, ಒಂದು ಕಡ್ಡಿಯನ್ನು ಸ್ಟೀರಿಯೊದ ಲೋಹದ ಮೈಗೆ, ಇನ್ನೊಂದನ್ನು ಆಂಪ್ಲಿಫೈಯರಿನ ನೆಗೆಟಿವ್‌ಗೆ ಹಿಡಿಯಿರಿ. ಶೂನ್ಯಕ್ಕೆ ಹತ್ತಿರವಿರಬೇಕು. ಹತ್ತಾರು ಮಿಲಿವೋಲ್ಟ್ ಬಂದರೆ ಕಳ್ಳ ಸಿಕ್ಕಿದ. ಸ್ಟೀರಿಯೊದ ಅರ್ತಿಂಗನ್ನು ಹಳೆಯ ಗಂಟಿನಿಂದ ಬಿಡಿಸಿ, ಬೇರೆ ತಂತಿಯಲ್ಲಿ ಆಂಪ್ಲಿಫೈಯರಿನ ಅರ್ತಿಂಗ್ ಸೇರುವ ಜಾಗಕ್ಕೇ ತನ್ನಿ. ಸದ್ದು ತಡೆಯುವ ಡಬ್ಬಿ ಎಂದು ಅಂಗಡಿಯಲ್ಲಿ ಏನನ್ನಾದರೂ ಮಾರುತ್ತಾರೆ, ಅದಕ್ಕೆ ದುಡ್ಡು ಸುರಿಯಬೇಡಿ.

ಇಷ್ಟಾದರೂ ಟಿಕ್ ಟಿಕ್ ಎಂಬ ಸದ್ದು ಉಳಿದರೆ ಅದು ಸ್ಪಾರ್ಕ್ ಪ್ಲಗ್‌ನದು. ತಗಡಿನ ಬಾನೆಟ್ ಇದ್ದಿದ್ದರೆ ಅದೇ ತಡೆಯುತ್ತಿತ್ತು, ಫೈಬರ್ ತಡೆಯುವುದಿಲ್ಲ. ಒಳಗೆ ರೆಸಿಸ್ಟರ್ ಇರುವ ಪ್ಲಗ್‌ಗಳನ್ನೇ ಹಾಕಿ.

ಕೆಎ-06 ಸ್ಟಾರ್ಮ್

ಅದೇ. ಮೀಟರಿನಲ್ಲಿ 0.2 ವೋಲ್ಟ್ ಬಂತು. ಹೊಸ ಅರ್ತಿಂಗ್ ತಂದ ಮೇಲೆ ಸುಂಯ್ ಸದ್ದು ಪೂರ್ತಿ ಹೋಯಿತು. ಜೊತೆಗೆ ಬೋನಸ್ಸಾಗಿ, ಇಂಡಿಕೇಟರ್ ಹಾಕಿದಾಗ ಸ್ಟೀರಿಯೊದ ದೀಪ ಮಿಣುಕುತ್ತಿದ್ದುದೂ ನಿಂತಿದೆ.

ಆಮೇಲೆ ಗಡಗಡದ ಬೇಟೆ. ಮೊಬೈಲಿನಲ್ಲಿ ಒಂದೇ ಸ್ವರ ಹುಟ್ಟಿಸುವ ಆ್ಯಪ್ ಹಾಕಿಕೊಂಡು, 30 ಹರ್ಟ್ಸ್‌ನಿಂದ ನಿಧಾನವಾಗಿ ಮೇಲೇರಿಸಿದೆ. 38ರಲ್ಲಿ ಚಾವಣಿಯ ಕೊಂಡಿ ಚಿಟಚಿಟ ಎಂದಿತು. 48ರಲ್ಲಿ ಹಿಂದುಗಡೆ ಯಾರೋ ಡಬ್ಬ ಬಡಿದಂತೆ ಸದ್ದು. ಇಳಿದು ಹೋಗಿ ನಂಬರ್ ಪ್ಲೇಟಿನ ಮೇಲೆ ಅಂಗೈ ಇಟ್ಟೆ, ನಿಂತಿತು, ತೆಗೆದೆ, ಶುರುವಾಯಿತು. ಪ್ಲೇಟಿನ ಹಿಂದೆ ನಾಲ್ಕು ಮೂಲೆಗೂ ಫೋಮ್ ಟೇಪ್ ಅಂಟಿಸಿದ್ದೇನೆ. ಬಾಗಿಲಿನ ಒಳಚರ್ಮಕ್ಕೆ ನಡುಕ ತಡೆಯುವ ಬ್ಯುಟೈಲ್ ರಬ್ಬರ್ ಹಾಳೆಯನ್ನು ರೋಲರಿನಲ್ಲಿ ಉಜ್ಜಿ ಅಂಟಿಸಿದ ಮೇಲೆ ಬಾಗಿಲು ಹಾಕುವ ಸದ್ದೇ ಬದಲಾಗಿದೆ. ಕೋಲಾರದವರಿಗೆ ಲೆಕ್ಕ: ಎಲ್ಲ ಸೇರಿ ಹನ್ನೆರಡು ಕಿಲೋ. ಬೇಡವೆಂದಾಗ ಎರಡು ಬೋಲ್ಟು ಬಿಚ್ಚಿದರೆ ಪೆಟ್ಟಿಗೆ ಹೊರಗೆ.

ಸಬ್‌ವೂಫರಿನ ಅಲೆಯನ್ನು ಬಾಗಿಲಿನ ಸ್ಪೀಕರ್‌ಗಳ ಅಲೆಗೆ ಹೊಂದಿಸುವ ಫೇಸ್ ಗುಂಡಿಯನ್ನು 180 ಡಿಗ್ರಿಗೆ ತಿರುಗಿಸಿದಾಗಲೇ ನನ್ನ ಸೀಟಿನಲ್ಲಿ ಕೆಳಸ್ವರ ತುಂಬಿ ಬಂತು. 0ಯಲ್ಲಿ ಬಾಗಿಲಿನ ಸ್ಪೀಕರ್ ಮತ್ತು ಇದು ಪರಸ್ಪರ ಕಾಲೆಳೆಯುತ್ತಿದ್ದವು. ಚಾವಣಿ ತೆಗೆದಾಗ ಕೆಳಸ್ವರ ಇಳಿಯುವುದು ನಿಜ. ಆಂಪ್ಲಿಫೈಯರಿನ ಜೊತೆ ಬಂದ ತಿರುಗುಗುಂಡಿಯನ್ನು ಹ್ಯಾಂಡ್‌ಬ್ರೇಕ್ ಪಕ್ಕ ಕೂರಿಸಿದ್ದೇನೆ, ಚಾವಣಿ ತೆಗೆದಾಗ ಸ್ವಲ್ಪ ಏರಿಸುತ್ತೇನೆ, ಮುಚ್ಚಿದಾಗ ಇಳಿಸುತ್ತೇನೆ. ಹೆದ್ದಾರಿಯಲ್ಲಿ ಶಿರಾ ಕಡೆಗೆ 80ರಲ್ಲಿ ಹೋದಾಗ ಮೃದಂಗದ ಎಡಗೈ ಕೇಳುತ್ತದೆ. 100ರಲ್ಲಿ ಗಾಳಿಯೇ ಗೆಲ್ಲುತ್ತದೆ.

ಕೋಲಾರದ ಹಳೇ ಗಾಡಿ

ಹನ್ನೆರಡು ಕಿಲೋ ಎಂದರೆ ಕ್ಷಮಿಸಬಹುದು. ದೇವರಾಯನದುರ್ಗಕ್ಕೆ ಹೋದಾಗ ಚಾವಣಿ ತೆರೆದ ಗಾಡಿಯನ್ನು ನಿಲ್ಲಿಸಿ ನಡೆದು ಬೆಟ್ಟ ಹತ್ತಲು ಹೋಗಬೇಡಿ. ಅಲ್ಲಿನ ಕೋತಿಗಳಿಗೆ ಗುಪ್ತ ಪೆಟ್ಟಿಗೆ, ಬಹಿರಂಗ ಪೆಟ್ಟಿಗೆ ಎಂಬ ಭೇದವಿಲ್ಲ.

ಚಿಂತಾಮಣಿ ಜಿಟಿಎಕ್ಸ್

ನನ್ನದು ಹಳೆಯ ಫಿಯೆಟ್ ಪಾಲಿಯೋ 1.6. ತಗಡಿನ ಮೈ, ಹಿಂದೆ ಸೀಟೂ ಇದೆ. ಇದೇ ರೀತಿ ಕಾಲಬಳಿ ಮಾಡಿಸಬೇಕೇ, ಬೇರೆ ಜಾಗವಿದೆಯೇ?

ಬಟವಾಡಿ ವೈರಿಂಗ್

ನಿಮಗೆ ಇಷ್ಟು ಕಷ್ಟ ಬೇಡ ಸರ್. ಡಿಕ್ಕಿಯ ತಳದಲ್ಲಿ ಸ್ಟೆಪ್ನಿ ಮಲಗಿದ್ದರೆ ಅದರ ರಿಮ್ಮಿನ ಗುಳಿಯೊಳಗೇ ಕೂರುವ ಸಬ್‌ವೂಫರ್‌ಗಳಿವೆ, ಜೆಬಿಎಲ್‌ನ ಬಾಸ್‌ಪ್ರೊ ಹಬ್ ಅಂಥದ್ದು. ಸ್ಟೆಪ್ನಿ ತೆಗೆಯಬೇಕಾಗಿಲ್ಲ, ಮೇಲಿನ ಹಲಗೆ ಮುಚ್ಚಿದರೆ ಯಾರಿಗೂ ಕಾಣುವುದಿಲ್ಲ. ಕೊಳ್ಳುವ ಮೊದಲು ರಿಮ್ಮಿನ ಒಳ ಅಗಲ, ಆಳ, ಮತ್ತು ಸ್ಟೆಪ್ನಿಯಿಂದ ಹಲಗೆಗೆ ಇರುವ ಅಂತರ ಅಳೆಯಿರಿ. ಅರ್ತಿಂಗ್ ಅಲ್ಲೇ ತಗಡಿಗೆ, ಬಣ್ಣ ಕೆರೆದು, ಬಿಗಿಯಾಗಿ. ಪಂಕ್ಚರ್ ಆದಾಗ ಅದನ್ನು ಬಿಚ್ಚುವುದಕ್ಕೆ ಬೇಕಾದ ಸ್ಪ್ಯಾನರ್ ಗಾಡಿಯಲ್ಲೇ ಇರಲಿ.